ಹತ್ತು ಗುಂಟೆ ಕೊಳ್ಳುವ ಮೊದಲು

ಜಗಳ ಜಮೀನಿನದು ಎಂದು ಆಪ್ತಸಲಹೆಗೆಂದು ನನ್ನ ಬಳಿ ಬಂದ ದಂಪತಿ ಮೊದಲ ಭೇಟಿಯಲ್ಲೇ ಹೇಳಿದರು. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್, 11ನೇ ಮಹಡಿಯ ಮನೆ. ಗಂಡ 38 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್, ಹೆಂಡತಿ ಬ್ಯಾಂಕ್ ಉದ್ಯೋಗಿ, ಮಗಳಿಗೆ 8 ವರ್ಷ. ಕನಕಪುರದ ಕಡೆ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ (ಮಾರಿದ ಕಂಪನಿಯೇ ನೋಡಿಕೊಳ್ಳುವ ಜಮೀನು) ಎಂದು ಮಾರುತ್ತಿದ್ದ ಹತ್ತು ಗುಂಟೆಗೆ ಸಾಲ ಮಾಡಿ ಮುಂಗಡ ಕೊಡಲು ಗಂಡ ತಯಾರಾಗಿದ್ದರು. ಜಂಟಿ ಸಾಲಕ್ಕೆ ತಾನು ಸಹಿ ಹಾಕುವುದಿಲ್ಲವೆಂದು ಆಕೆ ಪಟ್ಟು ಹಿಡಿದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಇಂಥ ಜಗಳ ಈಚೆಗೆ ನನ್ನ ಬಳಿ ಹೆಚ್ಚು ಬರುತ್ತಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ನಗರದ ದಣಿವಿಗೆ ಒಂದು ತುಂಡು ಮಣ್ಣೇ ಮದ್ದು ಎನ್ನುವ ಜಾಹೀರಾತುಗಳು ಹೆದ್ದಾರಿಯುದ್ದಕ್ಕೂ ಕಾಣುತ್ತವೆ. ಮಣ್ಣು, ಮರ, ಹಸಿರಿಗಾಗಿ ಮನಸ್ಸು ಹಂಬಲಿಸುವುದನ್ನು ನಾನು ಎಂದೂ ಹಗುರಾಗಿ ಕಂಡಿಲ್ಲ. ಆದರೆ ಆ ಹಂಬಲ ನಿಜಕ್ಕೂ ಏನನ್ನು ಕೇಳುತ್ತಿದೆ ಎಂದು ತಿಳಿಯುವ ಮುನ್ನ ಸಾಲದ ಕಾಗದಕ್ಕೆ ಸಹಿ ಬೀಳಬಾರದು.

ಗಂಡನ ದಿನಚರಿ ಕೇಳಿದೆ. ಬೆಳಿಗ್ಗೆ ಲಿಫ್ಟ್, ನೆಲಮಾಳಿಗೆಯ ಪಾರ್ಕಿಂಗ್, ಕಾರು, ಮತ್ತೆ ನೆಲಮಾಳಿಗೆ, ಗಾಜಿನ ಕಚೇರಿ. ರಾತ್ರಿ 9ರಿಂದ ಅಮೆರಿಕದವರ ಜೊತೆ ಕಾಲ್. ನಸುಕಿನ 3ಕ್ಕೆ ಎಚ್ಚರವಾಗಿ ಎದೆ ಹೊಡೆದುಕೊಳ್ಳುತ್ತದೆ, ಮತ್ತೆ ನಿದ್ದೆಯಿಲ್ಲ. ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. ಶನಿವಾರ ಬಂತೆಂದರೆ ಸಕಲೇಶಪುರ, ಮುಳ್ಳಯ್ಯನಗಿರಿ ಎಂದು ಕಾರು ಹೊರಡಿಸುತ್ತಾರೆ. ‘ಹೋಗೋವಾಗ ಖುಷಿ ಇರತ್ತೆ ಮೇಡಂ. ಸೋಮವಾರ ಮಾತ್ರ ಮೊದಲಿಗಿಂತ ಸುಸ್ತು. ಅದಕ್ಕೇ ನಮ್ದೇ ಒಂದು ಜಾಗ ಇದ್ರೆ ಅಂತ...’ ಮಾತು ಮುಂದುವರಿದಾಗ ಇನ್ನೊಂದು ವಿಷಯ ಹೊರಬಂತು. ತೀರ್ಥಹಳ್ಳಿ ಕಡೆಯ ಅಜ್ಜನ ತೋಟಕ್ಕೆ ಬೇಸಿಗೆ ರಜೆಯಲ್ಲಿ ಹೋಗುತ್ತಿದ್ದರಂತೆ. ಆ ತೋಟ ಪಾಲಾಗಿ, ಮಾರಾಟವಾಗಿ, ಈಗ ಆ ದಾರಿಯಲ್ಲಿ ಹಾದುಹೋದರೂ ಗಾಡಿ ನಿಲ್ಲಿಸುವುದಿಲ್ಲ.

ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕಿತ್ತು. ಪ್ರಶ್ನಾವಳಿಯಲ್ಲಿ ಸೌಮ್ಯ ಮಟ್ಟದ ಲಕ್ಷಣಗಳು ಕಂಡವು, ಸಾಯುವ ಯೋಚನೆ ಇರಲಿಲ್ಲ. ಥೈರಾಯ್ಡ್, ವಿಟಮಿನ್ ಡಿ, ರಕ್ತದೊತ್ತಡದ ತಪಾಸಣೆಗೆ ಕುಟುಂಬದ ವೈದ್ಯರ ಬಳಿ ಕಳಿಸಿದೆ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ‘ಮರದ ಕೆಳಗೆ ನಡೆದಾಡು, ಸರಿಹೋಗ್ತೀಯ’ ಎಂದು ತೀವ್ರ ಖಿನ್ನತೆಯಲ್ಲಿರುವವರಿಗೆ ಹೇಳಿ ಚಿಕಿತ್ಸೆ ತಪ್ಪಿಸುವವರಿದ್ದಾರೆ. ಬದುಕುವುದೇ ಬೇಡವೆನಿಸುವಷ್ಟು ಭಾರವಾದರೆ ಮನೋವೈದ್ಯರನ್ನೇ ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಂಡತಿಯೊಡನೆ ಬೇರೆಯಾಗಿ ಮಾತಾಡಿದಾಗ ಪ್ರಕರಣದ ಇನ್ನೊಂದು ಮುಖ ತೆರೆಯಿತು. ಅವರು ಗದಗ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಸೀಮೆಯವರು. ‘ಇವ್ರಿಗೆ ಹೊಲ ಅಂದ್ರ ಫೋಟೋ ರೀ ಮೇಡಂ. ನನಗ ಹೊಲ ಅಂದ್ರ ಟೊಂಕ ನೋವು. ಸಾಲಿ ಸೂಟಿ ಬಿಟ್ರ ಹತ್ತಿ ಬಿಡಸಾಕ ಹೋಗತಿದ್ವಿ. ನಾ ಓದಿದ್ದೇ ಅದನ್ನ ಬಿಟ್ಟು ಹೊರಗ ಬರಬೇಕಂತ. ಈಗ ಸಾಲಾ ಮಾಡಿ ಮತ್ತ ಅಲ್ಲಿಗೇ ಹೋಗೂನು ಅಂದ್ರ ಹೆಂಗ?’

ಪ್ರಕೃತಿಯಿಂದ ದೂರವಾದೆವು ಎಂದು ಮರುಗುವವರ ಮಾತಿನಲ್ಲಿ ಈ ದನಿ ಸಾಮಾನ್ಯವಾಗಿ ಕೇಳಿಸುವುದಿಲ್ಲ. ಮಣ್ಣಿನಿಂದ ಪಾರಾಗಲೆಂದೇ ಪಟ್ಟಣಕ್ಕೆ ಬಂದ ಎಷ್ಟೋ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಬಿಸಿಲಲ್ಲಿ ಬಾಗಿ ದುಡಿದ ನೆನಪನ್ನು ‘ನಿಸರ್ಗದ ಮಡಿಲು’ ಎಂಬ ಹೆಸರಿಟ್ಟು ಅವರಿಗೇ ಮಾರುವುದು ಅನ್ಯಾಯ. ಆಕೆ ಕೈಗೆ ಮಣ್ಣು ಮುಟ್ಟಿಸಬೇಕಿಲ್ಲ, ಯಾರೂ ಒತ್ತಾಯಿಸಬಾರದು ಎಂದು ಮುಂದಿನ ಭೇಟಿಯಲ್ಲಿ ಗಂಡನ ಎದುರಿಗೇ ಹೇಳಿದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಜಮೀನಿನ ಮಾತು ಯುಗಾದಿಯವರೆಗೆ ಬೇಡ, ಮುಂಗಡವೂ ಬೇಡ. ಅಲ್ಲಿಯವರೆಗೆ ವಾರಾಂತ್ಯದ ದೂರದ ಪ್ರಯಾಣವೂ ನಿಲ್ಲಲಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಮರ ಆರಿಸಿಕೊಳ್ಳಿ. ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಇಪ್ಪತ್ತು ನಿಮಿಷ ಅದರ ಹತ್ತಿರ ಇರಿ. ಫೋನ್ ಮನೆಯಲ್ಲೇ ಇರಲಿ, ಕೈಗಡಿಯಾರದ ಹೆಜ್ಜೆ ಲೆಕ್ಕವೂ ಬೇಡ.

ಪ್ರಯಾಣ ಯಾಕೆ ಬೇಡ ಎಂಬುದೇ ಅವರ ಮೊದಲ ಪ್ರಶ್ನೆ. ಮಿಷಿಗನ್ ವಿಶ್ವವಿದ್ಯಾಲಯದ ರೇಚೆಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ದಶಕಗಳ ಕಾಲ ಕೆಲಸ ಮಾಡಿದ ವಿಷಯವಿದು. ಪರದೆಯ ಮೇಲೆ, ಮೀಟಿಂಗಿನಲ್ಲಿ ನಾವು ಬಲವಂತವಾಗಿ ಹಿಡಿದಿಡುವ ಗಮನ ದಣಿಯುತ್ತದೆ. ಎಲೆ ಅಲುಗುವುದು, ಮೋಡ ಸರಿಯುವುದು, ನೀರು ಹರಿಯುವುದು ಇಂಥವು ಬಲವಂತವಿಲ್ಲದೆ ಗಮನ ಸೆಳೆಯುವುದರಿಂದ ಆ ದಣಿದ ಶಕ್ತಿ ಚೇತರಿಸಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. ಹೆದ್ದಾರಿಯ ಲಾರಿಗಳ ನಡುವೆ ಐದು ಗಂಟೆ ಸ್ಟಿಯರಿಂಗ್ ಹಿಡಿಯುವುದಕ್ಕೆ ಬೇಕಾದದ್ದೂ ಅದೇ ದಣಿದ ಗಮನವೇ. ಬೆಟ್ಟದ ಮೇಲೆ ಸಿಕ್ಕ ಒಂದು ಗಂಟೆಯ ವಿಶ್ರಾಂತಿಯನ್ನು ವಾಪಸು ಬರುವ ದಾರಿ ನುಂಗುತ್ತಿತ್ತು. ಸೋಮವಾರದ ಸುಸ್ತಿನ ಮೂಲ ಅಲ್ಲಿತ್ತು.

ಬೆಳಗಿನ ಹೊತ್ತನ್ನೇ ಆರಿಸಿದ್ದಕ್ಕೂ ಕಾರಣವಿದೆ. ಕಚೇರಿಯ ದೀಪ ಸಾಮಾನ್ಯವಾಗಿ 300ರಿಂದ 500 ಲಕ್ಸ್ (ಬೆಳಕಿನ ಅಳತೆ). ಬಯಲಿನ ಹಗಲು ಬೆಳಕು ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ದೇಹದ ಗಡಿಯಾರ ಸರಿಹೊಂದುವುದು ಈ ಬೆಳಕಿನಿಂದ. ನೆಲಮಾಳಿಗೆಯಿಂದ ನೆಲಮಾಳಿಗೆಗೆ ಓಡಾಡಿ, ರಾತ್ರಿಯೆಲ್ಲ ಪರದೆಯ ಬೆಳಕು ಕುಡಿಯುವ ಕಣ್ಣಿಗೆ ಹಗಲಾವುದು ಇರುಳಾವುದು ಎಂದು ಹೇಗೆ ಗೊತ್ತಾಗಬೇಕು? ರಾತ್ರಿಯ ಕಾಲ್‌ಗಳನ್ನು ಕಡಿಮೆ ಮಾಡಲು ಮ್ಯಾನೇಜರ್ ಜೊತೆ ಮಾತಾಡುವಂತೆಯೂ ಹೇಳಿದೆ. ವಾರಕ್ಕೆ ಎರಡು ರಾತ್ರಿ ಬಿಡುವು ಸಿಕ್ಕಿತು, ಅದಕ್ಕಿಂತ ಹೆಚ್ಚು ಸಿಗಲಿಲ್ಲ.

ಅವರು ಆರಿಸಿದ್ದು ಕಾಂಪೌಂಡಿನ ಹೊರಗೆ, ಖಾಲಿ ಸೈಟಿನ ಅಂಚಿನಲ್ಲಿದ್ದ ಒಂದು ಹೊಂಗೆ. ಮುಂದಿನ ಸಲ ಬಂದಾಗ ಒಂದು ಎಕ್ಸೆಲ್ ಹಾಳೆ ತೆರೆದು ತೋರಿಸಿದರು: ಬಂದ ಹಕ್ಕಿಗಳು, ನಿಂತ ನಿಮಿಷ, ಮನಸ್ಥಿತಿಗೆ ಹತ್ತರಲ್ಲಿ ಅಂಕ. ‘ಏನೂ ಆಗ್ತಿಲ್ಲ ಮೇಡಂ, ಗ್ರಾಫ್ ಮೇಲೇ ಏಳ್ತಿಲ್ಲ.’ ಅವರಿಗೆ ಗೊತ್ತಿದ್ದ ಪ್ರೀತಿಯ ರೀತಿಯೇ ಅದು, ಅಳೆಯುವುದು. ಹಾಳೆ ಮುಚ್ಚಿಡಿ, ಬೇಸರವಾದರೆ ಬೇಸರದಲ್ಲೇ ನಿಲ್ಲಿ ಎಂದೆ.

ನಿಮಿಷಗಳಿಗೆ ಅರ್ಥವೇ ಇಲ್ಲವೆಂದಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿದ ಅಧ್ಯಯನದಲ್ಲಿ ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚಿತ್ತು. ಒಟ್ಟಿಗೆ ಕಳೆದರೂ ಬಿಡಿಬಿಡಿಯಾಗಿ ಕಳೆದರೂ ವ್ಯತ್ಯಾಸ ಕಾಣಲಿಲ್ಲ. ನನಗೆ ಇನ್ನೂ ಉಪಯುಕ್ತವೆನಿಸಿದ್ದು ಡರ್ಬಿ ವಿಶ್ವವಿದ್ಯಾಲಯದ ಮೈಲ್ಸ್ ರಿಚರ್ಡ್‌ಸನ್ ಮತ್ತು ಸಂಗಡಿಗರ ಕೆಲಸ. ಪ್ರಕೃತಿಯೊಡನೆ ನಂಟು ಬೆಳೆಯುವುದು ಇಂದ್ರಿಯಗಳ ಅನುಭವ, ಭಾವನೆ, ಸೌಂದರ್ಯ, ಅರ್ಥ ಮತ್ತು ಕರುಣೆಯ ದಾರಿಗಳಿಂದ ಎಂದು 2017ರಲ್ಲಿ ಅವರು ಪ್ರಕಟಿಸಿದರು. ಬರೀ ಮಾಹಿತಿ ಸೇರಿಸುವುದು ಆ ಪಟ್ಟಿಯಲ್ಲಿಲ್ಲ.

ಅರ್ಥದ ದಾರಿ ತೆರೆದವರು ಹೆಂಡತಿ. ಒಂದು ದಿನ ಮಗಳು ಅಪ್ಪನ ಜೊತೆ ಹೋಗಿ, ಲಂಗದ ತುಂಬ ಬೀಜ ಅಂಟಿಸಿಕೊಂಡು ಬಂದಳು. ಅಪ್ಪನಿಗೆ ಅದೇನೆಂದು ಗೊತ್ತಿಲ್ಲ. ಅಮ್ಮ ನೋಡಿ ‘ಉತ್ತರಾಣಿ’ ಎಂದರು. ಆಮೇಲೆ ಅವರೇ ಚಪ್ಪಲಿ ಮೆಟ್ಟಿ ಕೆಳಗಿಳಿದು ಖಾಲಿ ಸೈಟಿನಲ್ಲಿ ತುಂಬೆ, ಗರಿಕೆ, ಎಕ್ಕೆ, ಗೋಣಿ ಪಲ್ಯ ಎಲ್ಲವನ್ನೂ ತೋರಿಸಿದರಂತೆ. ಇಷ್ಟು ವರ್ಷ ಅವರಿಗೆ ಇದೆಲ್ಲ ಗೊತ್ತೆಂಬುದೇ ಗಂಡನಿಗೆ ಗೊತ್ತಿರಲಿಲ್ಲ. ಮಗಳ ಹಟಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರ ನೋಡುವುದು ಶುರುವಾಯಿತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರು. ಉತ್ತರೆ, ಹಸ್ತದಲ್ಲಿ ತವರಿನ ಎರೆ ಹೊಲಕ್ಕೆ ಹಿಂಗಾರಿ ಬಿಳಿಜೋಳ, ಕಡಲೆ ಬೀಳುತ್ತವೆ. ಸ್ವಾತಿ ಬಂದಾಗ ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎಂದು ಆಕೆ ಹೇಳಿಕೊಟ್ಟರು. ಅದುವರೆಗೆ ಆ ಮನೆಯಲ್ಲಿ ಮಳೆ ಅಂದರೆ ಔಟರ್ ರಿಂಗ್ ರೋಡಿನ ಟ್ರಾಫಿಕ್ ಮಾತ್ರ.

ಎಳ್ಳ ಅಮಾವಾಸ್ಯೆಗೆ ಮೂವರೂ ಆಕೆಯ ತವರಿಗೆ ಹೋದರು. ದೂರದ ಪ್ರಯಾಣ ಬೇಡವೆಂದವಳು ನಾನೇ. ಇದಕ್ಕೆ ಸಂತೋಷದಿಂದ ಒಪ್ಪಿದೆ, ಏಕೆಂದರೆ ಹೋಗೋಣ ಎಂದವರು ಆಕೆ. ಹೊಲಕ್ಕೆ ಚರಗ (ಭೂತಾಯಿಗೆ ಎಡೆ) ಚೆಲ್ಲಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಉಂಡು, ಮರುದಿನ ಗಂಡ ಭಾವಮೈದುನನ ಜೊತೆ ಹೊಲದಲ್ಲಿ ಇಡೀ ದಿನ ಕಳೆ ತೆಗೆದರು. ಅಂಗೈ ಬೊಬ್ಬೆ ಎದ್ದಿತು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಂಡತಿಯ ಬಗ್ಗೆ ಮೊದಲು ಕೇಳದ ಗೌರವ ಇತ್ತು.

ಕರುಣೆಯ ದಾರಿ ತಾನಾಗಿ ಬಂತು. ಹೊಂಗೆಯ ಬುಡಕ್ಕೆ ಒಂದಿಂಚೂ ಬಿಡದೆ ಕಾಂಕ್ರೀಟ್ ಸುರಿದಿದ್ದರು. ನಿವಾಸಿಗಳ ಸಂಘದಲ್ಲಿ ಮಾತಾಡಿ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಬರೆದು, ಕಡೆಗೆ ಬುಡದ ಸುತ್ತ ಅದನ್ನು ಒಡೆಸಿದರು. ಒಳಗಿನ ಹುಲ್ಲುಹಾಸಿನ ಮೇಲೆ ಮಕ್ಕಳು ಕಾಲಿಡಬಾರದೆಂಬ ಫಲಕ ತೆಗೆಸಲು ಮಾತ್ರ ಇನ್ನೂ ಆಗಿಲ್ಲ. ಒಬ್ಬೊಬ್ಬರೂ ಹಸಿರಿನತ್ತ ಮರಳಲಿ ಎಂದು ನಾವು ಸಲಹೆ ಕೊಡುತ್ತೇವೆ, ಮಗು ಹುಲ್ಲು ಮುಟ್ಟಲು ಅನುಮತಿ ಬೇಕಾದ ಊರನ್ನು ಕಟ್ಟುತ್ತಲೂ ಇದ್ದೇವೆ. ಇದು ನನ್ನನ್ನು ಬಹಳ ಕಾಡುತ್ತದೆ.

ಈಗ ಗಂಡನ ನಿದ್ದೆ ಹೆಚ್ಚಿನ ರಾತ್ರಿ ಐದರವರೆಗೆ ಬರುತ್ತದೆ. ತಡರಾತ್ರಿ ಕಾಲ್ ಇದ್ದ ದಿನ ಹಳೆಯ ಕಾಟ ಮರಳುತ್ತದೆ. ಮಗಳ ಮೇಲೆ ರೇಗುವುದು ಕಡಿಮೆಯಾಗಿದೆ. ಅಜ್ಜನ ತೋಟದ ದುಃಖವನ್ನು ನಾವು ಇನ್ನೂ ಮಾತಾಡುತ್ತಿದ್ದೇವೆ. ಅದು ಬೇರೆ ಜಮೀನು ಕೊಂಡರೆ ತುಂಬುವ ಜಾಗವಲ್ಲ ಎಂದು ಅವರೇ ಒಮ್ಮೆ ಹೇಳಿದರು, ಹೇಳಿ ಅತ್ತರು.

ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಎಲೆ ಬಿಟ್ಟಿತ್ತು, ಜಮೀನಿನ ಮಾತೂ ಮತ್ತೆ ಬಂತು. ಆಸೆ ಹೋಗಿಲ್ಲ. ಆದರೆ ಈ ಸಲ ಷರತ್ತು ಹಾಕಿದ್ದು ಹೆಂಡತಿ. ಸಾಲ ಮಾಡಬಾರದು, ಇಬ್ಬರ ಹೆಸರಲ್ಲೂ ಇರಬೇಕು, ಪಹಣಿ ಮತ್ತು 11ಇ ನಕ್ಷೆಯನ್ನು (ಮಾರುವ ತುಂಡಿನ ಸರ್ವೆ ನಕ್ಷೆ) ವಕೀಲರು ನೋಡಬೇಕು, ಅಲ್ಲಿ ದುಡಿಯುವವರಿಗೆ ಎಷ್ಟು ಕೂಲಿ ಕೊಡುತ್ತಾರೆಂದು ಮೊದಲೇ ಕೇಳಬೇಕು. ‘ಮತ್ತ ಜಾಗಾ ನೋಡೂದು ಏಪ್ರಿಲ್‌ದಾಗ. ಮಳಿಗಾಲದಾಗ ಬಂಜರ ಭೂಮೀನೂ ಹಸರ ಕಾಣತೈತಿ. ಬ್ಯಾಸಗಿಯೊಳಗ ಬೋರಿನ್ಯಾಗ ನೀರು ಎಷ್ಟ ಬರತಾವ ಅನ್ನೂದು ನಾ ನೋಡತೀನಿ.’ ಗಂಡ ತಲೆಯಾಡಿಸಿದರು. ಮುಂದಿನ ಭೇಟಿಯನ್ನು ಏಪ್ರಿಲ್ ಕೊನೆಯ ವಾರಕ್ಕೆ ಇಟ್ಟುಕೊಂಡಿದ್ದೇವೆ.