ಪರಸ್ಪರ ಒಪ್ಪಿಗೆಯ ಡೈವೋರ್ಸ್‌ನಲ್ಲಿ "ಮಗುವಿನ ಖರ್ಚು ಕೇಳಲ್ಲ" ಅಂತ ತಾಯಿ ಬರೆದುಕೊಟ್ಟರೆ ಮುಂದೆ ಕೇಳೋ ಹಾಗಿಲ್ವಾ?

ಕೇಳಬಹುದು. ಜೀವನಾಂಶ ಮಗುವಿನ ಹಕ್ಕು. ಅದನ್ನು ಬಿಟ್ಟುಕೊಡೋಕೆ ತಾಯಿಗೆ ಅಧಿಕಾರವಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ ಸೆಕ್ಷನ್ 26ರಡಿ ಡಿಕ್ರಿ (ಡೈವೋರ್ಸ್ ಕೊಟ್ಟ ಕೋರ್ಟ್ ಆದೇಶ) ಆದ ಮೇಲೂ ಮಗುವಿನ ಕಸ್ಟಡಿ, ಖರ್ಚು, ಓದಿನ ಬಗ್ಗೆ ಫ್ಯಾಮಿಲಿ ಕೋರ್ಟಿಗೆ ಅರ್ಜಿ ಹಾಕಿ ಆದೇಶ ಬದಲಾಯಿಸಿಕೊಳ್ಳಬಹುದು. ಎಲ್‌ಕೆಜಿ ಹೊತ್ತಿಗೆ ಒಪ್ಪಿದ ಮೊತ್ತ ಪಿಯುಸಿಗೆ ಸಾಲುತ್ತಾ ಹೇಳಿ? ಬೇರೆ ಧರ್ಮದವರಿಗೂ ಜೀವನಾಂಶ ಕೇಳೋಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 144 ಇದೆ.

2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಹಾಗಾಗಿ "ನನ್ನ ಸಂಬಳ ಕಮ್ಮಿ" ಅನ್ನೋ ಮಾಮೂಲಿ ರಾಗ ಅಷ್ಟು ಸುಲಭಕ್ಕೆ ನಡೆಯಲ್ಲ. ಸ್ಕೂಲ್ ಫೀಸ್ ರಸೀದಿ, ಆಸ್ಪತ್ರೆ ಬಿಲ್ಲು ಎತ್ತಿಡಿ. ಹಣದ ಲೆಕ್ಕ ಅರ್ಜಿ ಹಾಕಿದ ದಿನದಿಂದ, ತಡ ಮಾಡಬೇಡಿ.

ಇನ್ನೊಂದು ಮಾತು, ದುಡ್ಡು ಬಂದಿಲ್ಲ ಅಂತ ತಂದೆ ಮಗುವನ್ನು ನೋಡೋದನ್ನು ತಡೆಯಬೇಡಿ. ಅದು ಬೇರೆ, ಇದು ಬೇರೆ.