‘ಸಾಂಜುರೊ’ ಕೊನೆಯ ಕತ್ತಿಕಾಳಗ ಒಂದೇ ಏಟಿಗೆ ಮುಗಿಯುತ್ತದೆ. ಅದನ್ನು ಅಷ್ಟೊಂದು ಹೊಗಳುವುದು ಯಾಕೆ?

ಜಪಾನಿನ ನಿರ್ದೇಶಕ ಅಕಿರ ಕುರೊಸಾವ ಅವರ ‘ಸಾಂಜುರೊ’ (1962) ಚಿತ್ರ ನೋಡಿ ನಿಮಗೆ ನಿರಾಸೆಯಾಗಿದೆ. ನಾಯಕ ತೊಶಿರೊ ಮಿಫುನೆ, ಎದುರಾಳಿ ತತ್ಸುಯ ನಕದಾಯ್ ಅಷ್ಟು ಹೊತ್ತು ಎದುರುಬದುರು ನಿಂತು ಒಂದೇ ಏಟಿಗೆ ಮುಗಿಸಿಬಿಟ್ಟರು, ಇದರಲ್ಲಿ ಏನಿದೆ, ಮಿಫುನೆಗೆ ನಿಜಕ್ಕೂ ಕತ್ತಿ ಹಿಡಿಯಲು ಬರುತ್ತಿತ್ತಾ ಅಂತ ಕೇಳಿದ್ದೀರಿ.

ನಿರಾಸೆ ಸಹಜವೇ. ರಾಜ್‌ಕುಮಾರ್ ಅವರ ಐತಿಹಾಸಿಕ ಚಿತ್ರಗಳ ಕತ್ತಿವರಸೆ ನೋಡಿ ಬೆಳೆದವರಿಗೆ ಠಣ್ ಠಣ್ ಸದ್ದು ಬೇಕೇ ಬೇಕು. ಆದರೆ ಒಳ್ಳೆಯ ಸಮುರಾಯ್ (ಜಪಾನಿನ ಹಳೆಯ ಕಾಲದ ಕತ್ತಿವೀರರ) ಚಿತ್ರಗಳಲ್ಲಿ ಕತ್ತಿಗೆ ಕತ್ತಿ ತಾಗುವುದೇ ಕಡಿಮೆ. ಹಾಗಾಗಿ ಕತ್ತಿಯನ್ನಷ್ಟೇ ನೋಡುತ್ತಾ ಕೂತರೆ ಅರ್ಧ ಮಜಾ ತಪ್ಪಿಹೋಗುತ್ತದೆ.

ಆ ದೃಶ್ಯ ಇನ್ನೊಂದು ಸಲ ನಿಧಾನವಾಗಿ ಹಾಕಿ ನೋಡಿ. ಇಬ್ಬರೂ ಎಷ್ಟು ಹತ್ತಿರ ನಿಂತಿದ್ದಾರೆ ಗಮನಿಸಿ. ಕತ್ತಿ ಸೊಂಟದ ಎಡಗಡೆ ಇರುತ್ತದೆ. ಸಾಮಾನ್ಯವಾಗಿ ಬಲಗೈ ಮೈಗೆ ಅಡ್ಡ ಬಂದು, ಪೂರ್ತಿ ಹಿರಿದು, ಮೇಲೆತ್ತಿ ಹೊಡೆಯಬೇಕು. ನಕದಾಯ್ ಮಾಡುವುದು ಅದನ್ನೇ. ಮಿಫುನೆ ಎಡಗೈಯಲ್ಲೇ, ತಲೆಕೆಳಗಾದ ಹಿಡಿತದಲ್ಲಿ ಕತ್ತಿ ಎಳೆದು, ಬಲಗೈಯಿಂದ ಒತ್ತಿಕೊಟ್ಟು ಕೆಳಗಿನಿಂದ ಮೇಲಕ್ಕೆ ಸೀಳುತ್ತಾರೆ. ದಾರಿ ಚಿಕ್ಕದು, ಅದಕ್ಕೇ ಮೊದಲು ತಲುಪುತ್ತದೆ. ಇದನ್ನು ಹೊಂದಿಸಿಕೊಟ್ಟವರು ಕತ್ತಿವರಸೆ ನಿರ್ದೇಶಕ ರ್ಯು ಕುಝೆ. ಆಮೇಲೆ ಚಿಮ್ಮುವ ಆ ರಕ್ತದ ಬುಗ್ಗೆಯನ್ನು ಎಷ್ಟೋ ಸಿನಿಮಾಗಳು ನಕಲು ಮಾಡಿದವು.

ನನಗೆ ಅದಕ್ಕಿಂತ ಇಷ್ಟ ಮುಂದಿನ ಕ್ಷಣ. ನೋಡುತ್ತಾ ನಿಂತ ಒಂಬತ್ತು ಯುವ ಸಮುರಾಯ್‌ಗಳಲ್ಲಿ ಒಬ್ಬ ಭಲೇ ಅನ್ನುತ್ತಾನೆ. ಸಾಂಜುರೊ (ಮಿಫುನೆಯ ಪಾತ್ರ) ಅವನ ಮೇಲೆ ರೇಗಿಬಿಡುತ್ತಾನೆ. ಗೆದ್ದವನ ಮುಖದಲ್ಲಿ ಗೆಲುವೇ ಇಲ್ಲ. ಶಿಳ್ಳೆ ಹಾಕಲು ಎದ್ದ ನಮಗೇ ಬೈದ ಹಾಗಿದೆ ಅಲ್ವಾ?

ಇನ್ನು ಮಿಫುನೆ ವಿಷಯ. ಕತ್ತಿವರಸೆ ಕಲಿಯಲೆಂದು ಸಿನಿಮಾಕ್ಕೆ ಬಂದವರಲ್ಲ ಅವರು. 1920ರಲ್ಲಿ ಚೀನಾದಲ್ಲಿ ಹುಟ್ಟಿದ್ದು. ಯುದ್ಧದಲ್ಲಿ ವೈಮಾನಿಕ ಫೋಟೊಗಳ ವಿಭಾಗದಲ್ಲಿದ್ದರು. ಯುದ್ಧ ಮುಗಿದ ಮೇಲೆ ತೊಹೊ ಸ್ಟುಡಿಯೊಗೆ ಕ್ಯಾಮೆರಾ ಕೆಲಸ ಕೇಳಿಕೊಂಡು ಹೋಗಿ ನಟರ ಆಯ್ಕೆಯ ಸಾಲಿಗೆ ಸೇರಿಕೊಂಡರು. ಅವರ ಬಂಡವಾಳ ವೇಗ. ಒಂದು ಭಾವ ಮೂಡಿಸಲು ಬೇರೆ ನಟರಿಗೆ 10 ಅಡಿ ಫಿಲಂ ಬೇಕಾದ ಕಡೆ ಮಿಫುನೆಗೆ 3 ಅಡಿ ಸಾಕಾಗುತ್ತಿತ್ತು ಅಂತ ಕುರೊಸಾವ ಆತ್ಮಕಥೆಯಲ್ಲಿ ಬರೆದಿದ್ದಾರೆ. ‘ಯೊಜಿಂಬೊ’ (1961) ನೋಡಿದರೆ ಅದು ಗೊತ್ತಾಗುತ್ತದೆ. ಗುಂಪಿನೊಳಗೆ ನುಗ್ಗಿ, ತಿರುಗಿ, ಮುಗಿಸಿ ಕತ್ತಿ ಒರೆಗೆ ಹಾಕುವಷ್ಟರಲ್ಲಿ ನಾವಿನ್ನೂ ಮೊದಲನೆಯವನು ಬಿದ್ದದ್ದನ್ನೇ ನೋಡುತ್ತಿರುತ್ತೇವೆ.

ಅಭಿಮಾನಿಗಳಲ್ಲಿ ಮಿಫುನೆ ದೊಡ್ಡವರೋ ನಕದಾಯ್ ದೊಡ್ಡವರೋ ಅನ್ನುವ ಜಗಳ ಮುಗಿಯುವುದಿಲ್ಲ. ನಾನು ನಕದಾಯ್ ಪಾರ್ಟಿ. ಅವರ ಶುರುವಾತು ಕೇಳಿ. ‘ಸೆವೆನ್ ಸಮುರಾಯ್’ (1954) ಚಿತ್ರದಲ್ಲಿ ಅವರಿಗಿದ್ದದ್ದು ಬೀದಿಯಲ್ಲಿ ನಡೆದು ಹೋಗುವ, ಹೆಸರಿಲ್ಲದ ಒಬ್ಬ ಸಮುರಾಯ್ ಪಾತ್ರ. ತೆರೆಯ ಮೇಲೆ ಕೆಲವೇ ಸೆಕೆಂಡು. ನಡಿಗೆ ಸರಿಯಿಲ್ಲ ಅಂತ ಕುರೊಸಾವ ಗಂಟೆಗಟ್ಟಲೆ ಅವರನ್ನು ನಡೆಸಿದ್ದೇ ನಡೆಸಿದ್ದು. ಸೊಂಟದಲ್ಲಿ ಕತ್ತಿ ಇದ್ದವನು ಸುಮ್ನೆ ಕೈ ಬೀಸಿಕೊಂಡು ನಡೆಯಲಾರ. ಭಾರ ಕೆಳಗೆ ಇಳಿದಿರಬೇಕು, ಭುಜ ಅಲುಗಬಾರದು. ಆ ಅವಮಾನವನ್ನು ನಕದಾಯ್ ಮರೆಯಲಿಲ್ಲ, ಮುಂದೆ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡರು. ಅದೇ ಮನುಷ್ಯ ಎಂಟು ವರ್ಷದ ನಂತರ ಮಿಫುನೆ ಎದುರು ಅಲುಗದೆ ನಿಂತಿದ್ದು.

ಅದೇ 1962ರಲ್ಲಿ ನಿರ್ದೇಶಕ ಮಸಾಕಿ ಕೊಬಯಾಶಿ ಅವರ ‘ಹರಾಕಿರಿ’ ಕೂಡ ಬಂತು. ನಕದಾಯ್‌ಗೆ ಇನ್ನೂ ಮೂವತ್ತೂ ಆಗಿರಲಿಲ್ಲ, ಮಾಡಿದ್ದು ಮೊಮ್ಮಗನಿರುವ ಅಜ್ಜನ ಪಾತ್ರ. ಹುಲ್ಲುಗಾವಲಿನ ಗಾಳಿಯಲ್ಲಿ ತೆತ್ಸುರೊ ತಂಬ ಜತೆ ಕಾದಾಡುವ ದೃಶ್ಯಕ್ಕೆ ನಿಜವಾದ ಕತ್ತಿಗಳನ್ನೇ ಬಳಸಿದ್ದರು, ಹೆದರಿಕೆಯಾಗಿತ್ತು ಅಂತ ನಕದಾಯ್ ಅವರೇ ಹೇಳಿದ್ದಾರೆ. ಇಬ್ಬರ ಕಾಲುಗಳನ್ನು ನೋಡಿ. ಹೆಜ್ಜೆ ಇಡುವಾಗ ಪಾದ ನೆಲ ಬಿಡುವುದೇ ಕಷ್ಟ.

ಕತ್ತಿ ಬಾರದವರೂ ಹೇಗೆ ನಂಬಿಸುತ್ತಾರೆ ಅನ್ನುವುದಕ್ಕೆ ‘ಸೆವೆನ್ ಸಮುರಾಯ್’ ಚಿತ್ರದ ಕ್ಯುಝೊ ಪಾತ್ರ ಸಾಕು. ಆ ಪಾತ್ರ ಮಾಡಿದ ಸೆಯ್ಜಿ ಮಿಯಾಗುಚಿ ರಂಗಭೂಮಿಯವರು, ಅದಕ್ಕೆ ಮೊದಲು ಕತ್ತಿ ಹಿಡಿದವರೇ ಅಲ್ಲ. ಕತೊರಿ ಶಿಂತೊ ಎಂಬ ಕತ್ತಿವಿದ್ಯೆಯ ಪರಂಪರೆಯ ಗುರು ಯೊಶಿಯೊ ಸುಗಿನೊ ಚಿತ್ರತಂಡಕ್ಕೆ ಹೇಳಿಕೊಟ್ಟರು. ಚಿತ್ರದಲ್ಲಿ ಕ್ಯುಝೊಗೆ ಮೊದಲು ಕೋಲಿನಲ್ಲಿ ಪಂದ್ಯ. ಸಮ ಆಯಿತು ಅಂತ ಎದುರಾಳಿ ಜಗಳ ತೆಗೆಯುತ್ತಾನೆ. ಆಮೇಲೆ ನಿಜವಾದ ಕತ್ತಿ. ಅವನು ಬೊಬ್ಬೆ ಹೊಡೆಯುತ್ತಾನೆ, ಕ್ಯುಝೊ ಸುಮ್ಮನೆ ನಿಂತಿರುತ್ತಾನೆ. ಮುಂದಿನದು ನಾನು ಹೇಳುವುದಿಲ್ಲ, ನೋಡಿ.

ಇನ್ನೊಬ್ಬರ ಹೆಸರು ಹೇಳದೆ ಇರಲಾರೆ. ಸೆಯ್ಝೊ ಫುಕುಮೊತೊ. ಕ್ಯೊತೊದ ತೊಯೆಯ್ ಸ್ಟುಡಿಯೊದಲ್ಲಿ ಜೀವನಪೂರ್ತಿ ಕತ್ತಿ ಏಟು ತಿಂದು ಬೀಳುವ ಕೆಲಸ. 50,000 ಸಲ ಸತ್ತವರು ಅಂತಲೇ ಪ್ರಸಿದ್ಧಿ. ಏಟು ಬಿದ್ದಾಗ ಬೆನ್ನನ್ನು ಹಿಂದಕ್ಕೆ ಸೀಗಡಿಯ ಹಾಗೆ ಬಾಗಿಸಿ ಬೀಳುವುದು ಅವರ ಗುರುತು. ಹೀರೊ ಕತ್ತಿಗೆ ಹರಿತ ಬರುವುದೇ ಇಂಥವರಿಂದ. ‘ದಿ ಲಾಸ್ಟ್ ಸಮುರಾಯ್’ ನೋಡಿದ್ದರೆ, ಟಾಮ್ ಕ್ರೂಸ್ ಹಿಂದೆ ಮಾತಾಡದೆ ಕಾವಲು ನಡೆಯುವ ಮುದುಕ ಇದ್ದಾನಲ್ಲ, ಅವರೇ. ಎಪ್ಪತ್ತರ ಹೊಸ್ತಿಲಲ್ಲಿ ‘ಉಝುಮಸ ಲೈಮ್‌ಲೈಟ್’ (2014) ಚಿತ್ರದಲ್ಲಿ ಕೊನೆಗೂ ನಾಯಕರಾದರು.

ಈಗ ಏನು ನೋಡಲಿ ಅಂದರೆ, ಮೊದಲು ‘ಹರಾಕಿರಿ’. ಆಮೇಲೆ ‘ದಿ ಟ್ವಿಲೈಟ್ ಸಮುರಾಯ್’ (2002). ‘ಶೋಗನ್’ ಸರಣಿಯ ಹಿರೊಯುಕಿ ಸನಾದ ಅದರಲ್ಲಿ ಸಾಲದಲ್ಲಿ ಮುಳುಗಿದ ಗುಮಾಸ್ತ. ಕೊನೆಯ ಕಾದಾಟ ಕತ್ತಲು ತುಂಬಿದ ಮನೆಯೊಳಗೆ, ಉದ್ದ ಕತ್ತಿ ಬೀಸಲು ಜಾಗವೇ ಇಲ್ಲ. ಎದುರಾಳಿ ಮಿನ್ ತನಕ ಮೂಲತಃ ನೃತ್ಯದವರು, ಅವರು ಬೀಳುವುದನ್ನೂ ನೋಡಬೇಕು. ಇಷ್ಟೆಲ್ಲಾ ಆದ ಮೇಲೂ ಠಣ್ ಠಣ್ ಬೇಕೇ ಬೇಕು ಅಂದರೆ ನಿರ್ದೇಶಕ ತಕಾಶಿ ಮೀಕೆ ಅವರ ‘13 ಅಸಾಸಿನ್ಸ್’ (2010) ಹಾಕಿಕೊಳ್ಳಿ. ಕೊನೆಯ ಮುಕ್ಕಾಲು ಗಂಟೆಯಷ್ಟು ಬರೀ ಹೊಡೆದಾಟವೇ.