ಹಾಸ್ಟೆಲಿನ ಮಾತು ಆಮೇಲೆ, ಮೊದಲು ಮಣಿಕಟ್ಟು

ಬೆಂಗಳೂರಿನ ತಾಯಿಯೊಬ್ಬರ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ, ಎರಡನೆಯ ಸಲ ಸಿಟ್ಟಿನಿಂದ. ಅವರ 11 ವರ್ಷದ ಮಗಳು ಜಿಮ್ನಾಸ್ಟಿಕ್ಸ್‌ನಲ್ಲಿ ರಾಜ್ಯಮಟ್ಟದ ಪದಕ ಗೆದ್ದಿದ್ದಾಳೆ. ಶಾಲೆ ಬಿಡಿಸಿ, ಓಪನ್ ಸ್ಕೂಲಿಗೆ ಸೇರಿಸಿ, ಹೊರರಾಜ್ಯದ ತರಬೇತಿ ಹಾಸ್ಟೆಲಿಗೆ ಕಳಿಸಿ ಎಂದು ಕೋಚ್ ಹೇಳುತ್ತಾರೆ. ಓದು ಕೆಡುತ್ತದೆ ಎಂದು ಪತಿ ಒಪ್ಪುತ್ತಿಲ್ಲ. ಜೂನ್ ಒಳಗೆ ಉತ್ತರ ಕೊಡಬೇಕಂತೆ.

ಅಮ್ಮಾ, ನಿಮ್ಮ ಮೂರನೆಯ ಪುಟದ ಕೊನೆಯಲ್ಲಿ ಒಂದು ಸಾಲಿದೆ. ಎರಡು ತಿಂಗಳಿಂದ ಅವಳ ಬಲ ಮಣಿಕಟ್ಟು ನೋಯುತ್ತಿದೆ, ಟೇಪ್ ಸುತ್ತಿಕೊಂಡು ಅಭ್ಯಾಸಕ್ಕೆ ಹೋಗುತ್ತಾಳೆ, ಚಪಾತಿ ಹಿಟ್ಟು ನಾದಲು ಕರೆದರೆ ಎಡಗೈಯಲ್ಲೇ ನಾದುತ್ತಾಳೆ ಎಂದು ಬರೆದಿದ್ದೀರಿ, ಅದೂ ಮಗುವಿನ ಚೇಷ್ಟೆಯೆಂಬಂತೆ. ನನಗೆ ಇಡೀ ಪತ್ರದಲ್ಲಿ ಕಂಡದ್ದು ಆ ಎಡಗೈ ಮಾತ್ರ. ಮಕ್ಕಳು ನೋವನ್ನು ಬಾಯಲ್ಲಿ ಹೇಳುವುದಿಲ್ಲ ಎಂದು ಈ ಅಂಕಣದಲ್ಲಿ ಬೇಸರ ಬರುವಷ್ಟು ಸಲ ಬರೆದಿದ್ದೇನೆ.

ಈ ಆಟದಲ್ಲಿ ಕೈಗಳು ಕಾಲಿನ ಕೆಲಸವನ್ನೂ ಮಾಡಬೇಕು. ಓಡಿ ಬಂದು ಹಾರುವ ಮೇಜಿನ, ಅಂದರೆ ವಾಲ್ಟ್‌ನ, ಮೇಲೆ ಕೈಯೂರಿದಾಗ ಓಟದ ರಭಸವೂ ಮೈಭಾರವೂ ಒಟ್ಟಿಗೆ ಮಣಿಕಟ್ಟಿನ ಮೇಲೆ ಬೀಳುತ್ತವೆ. ಈ ವಯಸ್ಸಿನಲ್ಲಿ ಮುಂಗೈ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಅದಕ್ಕೆ ಪದೇ ಪದೇ ಪೆಟ್ಟು ಬಿದ್ದರೆ ಆ ಎಲುಬು ಗಿಡ್ಡವಾಗಿಯೇ ಉಳಿದು, ಪಕ್ಕದ್ದು ಅದನ್ನು ಮೀರಿ ಬೆಳೆದು, ಮಣಿಕಟ್ಟು ಶಾಶ್ವತವಾಗಿ ಕೆಡಬಹುದು. ಬೇಗ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ.

ಕೋಚ್ ಅವರನ್ನು ನಾನು ಅಷ್ಟಾಗಿ ದೂರುವುದಿಲ್ಲ, ಹುಡುಗಿ ಅವರಿಂದಲೂ ಮುಚ್ಚಿಟ್ಟಿರಬಹುದು. ನನ್ನ ಸಿಟ್ಟೆಲ್ಲ ಪ್ರತಿ ಭಾನುವಾರ ಊಟಕ್ಕೆ ಬಂದು, "ದೀಪಾ ಕರ್ಮಾಕರ್ ಹೀಗೆ ನೋವು ಅಂತ ಕೂತಿದ್ದಳಾ?" ಎಂದು ಕೇಳುವ ನಿಮ್ಮ ತಮ್ಮನ ಮೇಲೆ. ಅಗರ್ತಲಾದ ಜಿಮ್ನಾಸ್ಟ್ ದೀಪಾ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 0.150 ಅಂಕದಿಂದ ಕಂಚು ತಪ್ಪಿ ನಾಲ್ಕನೆಯವರಾದಾಗ ಅವರಿಗೆ 23 ವರ್ಷ. ಮುಂದೆ ಮಂಡಿಯ ಶಸ್ತ್ರಚಿಕಿತ್ಸೆಗಾಗಿ ಆಟದಿಂದ ದೂರ ಕೂತರು, ಮರಳಿದರು, 2024ರಲ್ಲಿ 30ರ ವಯಸ್ಸಿನಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನ ಚಿನ್ನ ಗೆದ್ದರು. ಹುಡುಗಿಯರು ಹಿರಿಯರ ಅಂತರರಾಷ್ಟ್ರೀಯ ಸ್ಪರ್ಧೆಗೆ ಇಳಿಯಲು 16 ತುಂಬುವ ವರ್ಷವೇ ಬರಬೇಕು. ಹಾಗಿರುವಾಗ ಜೂನ್‌ನ ಈ ಅವಸರ ಯಾರದು?

ನಾಳೆಯೇ ಮಕ್ಕಳ ಎಲುಬು ತಜ್ಞರಿಗೆ ಆ ಕೈ ತೋರಿಸಿ, ಅವರು ಒಪ್ಪುವವರೆಗೆ ಕೈಮೇಲೆ ಭಾರ ಬೀಳುವ ಯಾವ ಅಭ್ಯಾಸವೂ ಬೇಡ. ವೈದ್ಯರ ಚೀಟಿಯನ್ನು ಹಾಸ್ಟೆಲಿನವರಿಗೂ ಕಳಿಸಿ. ಅದನ್ನು ಓದಿಯೂ ಸೀಟು ಕಾಯುವುದಿಲ್ಲ ಎಂದರೆ ಮಗಳನ್ನು ಅಲ್ಲಿಗೆ ಕಳಿಸಬೇಡಿ; ಕಾಯುತ್ತೇವೆ ಎಂದರೆ ನನಗೆ ಮತ್ತೆ ಬರೆಯಿರಿ, ಓಪನ್ ಸ್ಕೂಲಿನ ವಿಷಯ ಆಗ ನೋಡೋಣ.